ಉಪ್ಪು ನೆಲದಲ್ಲಿ ಹುಲಿ ಕಂಬಳಿ

ಆ ಶುಕ್ರವಾರ ನನಗೆ ರಜೆ ಇತ್ತು. ಇತ್ತು ಅಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಇತ್ತು, ಅಷ್ಟೇ. ಬಹ್ರೈನಿನ ಹೂರಾದಲ್ಲಿ ನಾನು ದುಡಿಯುತ್ತಿದ್ದ ಬಾಡಿಗೆ ಕಾರಿನ ಅಂಗಡಿಯ ಹಿಂದೆಯೇ ನನ್ನ ಕೋಣೆ. ಅಂಗಡಿಯ ಶಟರ್ ಎಳೆದಿದ್ದರೂ ನನ್ನ ಕೋಣೆಯ ಬಾಗಿಲು ಎಲ್ಲಿದೆ ಎಂದು ಊರಿಗೆಲ್ಲ ಗೊತ್ತು. ಬೆಳಿಗ್ಗೆ ಚಾಕ್ಕೆ ನೀರಿಟ್ಟಿದ್ದೆ, ಬಾಗಿಲು ಬಡಿದರು.

ಹೊರಗೆ ಗಂಡ ಹೆಂಡತಿ ನಿಂತಿದ್ದರು. ಆಕೆ ನನಗೆ ಗೊತ್ತಿದ್ದವರೇ. ಮನಾಮಾದ ಒಂದು ಆಸ್ಪತ್ರೆಯಲ್ಲಿ ನರ್ಸು, ಕುಂದಾಪುರದ ಕಡೆಯವರು. ಒಮ್ಮೆ ಫ್ಯಾನ್ ಬೆಲ್ಟಿಗೆ ಕೈ ಕೊಟ್ಟು ರಕ್ತ ಸುರಿಸಿಕೊಂಡು ಹೋದಾಗ ನನಗೆ ಹೊಲಿಗೆ ಹಾಕಿದ್ದರು. ನಾನು ಕೂಗಾಡಿದ್ದಕ್ಕೆ "ಇಷ್ಟು ದೊಡ್ಡ ಗಂಡ್ಸಾಗಿ ಎಂತದು ಮಾರಾಯ್ರೆ ನಿಮ್ದು" ಎಂದು ಬೈದದ್ದರಿಂದಲೇ ಊರವರೆಂದು ತಿಳಿದದ್ದು. ಅಂದಿನಿಂದ ಅವರು ನನಗೆ ಅಕ್ಕ. ಹಾಗಾದ ಮೇಲೆ ಅವರ ಪಕ್ಕದಲ್ಲಿ ದೊಡ್ಡ ಪ್ಲಾಸ್ಟಿಕ್ ಗಂಟು ಹಿಡಿದು ನಿಂತವರು ತಾನಾಗಿಯೇ ಭಾವ.

"ತಮ್ಮಾ, ಸಂಜೆ ತನಕ ಒಂದು ಗಾಡಿ ಬೇಕಿತ್ತು. ದ್ವೀಪ ಒಂದು ಸುತ್ತು ನೋಡಿ ಬರುವ ಅಂತ" ಎಂದರು ಅಕ್ಕ.

"ಈ ಸೆಖೆಯಲ್ಲಿ ನೋಡ್ಲಿಕ್ಕೆ ಎಂತ ಉಂಟಕ್ಕ? ಹೊಯಿಗೆ, ಎಣ್ಣೆ ಪೈಪು, ಮತ್ತೆ ಪುನಃ ಹೊಯಿಗೆ."

ಭಾವ ನೆಲ ನೋಡಿದರು. ಅಕ್ಕ ಅವರನ್ನು ನೋಡಿದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ವಿಷಯ ಹೊರಬಂತು. ಭಾವ ಸಮುದ್ರದ ಆಚೆ ದಡದಲ್ಲಿ, ಸೌದಿಯ ಖೋಬರ್‌ನಲ್ಲಿ ಏಸಿ ಮೆಕ್ಯಾನಿಕ್. ಆಗ ಸೌದಿಗೆ ಸೇತುವೆ ಆಗಿರಲಿಲ್ಲ, ಹೋಗಿಬರುವುದು ಲಾಂಚಿನಲ್ಲಿ. ಮೂರು ವರ್ಷದ ಮೇಲೆ ಹೆಂಡತಿಯನ್ನು ನೋಡಲು ಅವರು ಹಿಂದಿನ ಸಂಜೆ ಬಂದಿದ್ದರು, ಈ ಸಂಜೆಯ ಕೊನೆಯ ಲಾಂಚಿಗೆ ವಾಪಸು ಹೋಗಲೇಬೇಕು. ಪಾಸ್‌ಪೋರ್ಟಿನಲ್ಲಿ ಸೌದಿಗೆ ಮರಳಿ ಒಳಗೆ ಬಿಡುವ ಮುದ್ರೆಯ ಅವಧಿ ಅದೇ ದಿನಕ್ಕೆ ಮುಗಿಯುತ್ತಿತ್ತು. ಅಕ್ಕ ಇರುವುದು ನರ್ಸುಗಳ ಹಾಸ್ಟೆಲಿನಲ್ಲಿ, ಅದರ ಗೇಟಿನೊಳಗೆ ಗಂಡಸರ ನೆರಳೂ ಬೀಳಬಾರದು. ಹೋಟೆಲಿನವರು ಮದುವೆಯ ಕಾಗದ ಕೇಳುತ್ತಾರೆ, ಅದು ಊರಿನಲ್ಲಿ ಅತ್ತೆಯ ಟ್ರಂಕಿನೊಳಗಿತ್ತು. ರಾತ್ರಿ ಭಾವ ಯಾರೋ ಪರಿಚಯದವರ ಕೋಣೆಯಲ್ಲಿ, ಗೊರಕೆ ಹೊಡೆಯುವ ಗಂಡಸರ ನಡುವೆ ಚಾಪೆ ಹಾಸಿಕೊಂಡು ಮಲಗಿದ್ದರಂತೆ.

ಅವರಿಗೆ ಬೇಕಾಗಿದ್ದದ್ದು ದ್ವೀಪವಲ್ಲ ಎಂದು ನನಗೆ ಆಗ ಹೊಳೆಯಿತು. ಮುಚ್ಚಿಕೊಳ್ಳಲು ಬಾಗಿಲಿರುವ ಒಂದು ಜಾಗ ಬೇಕಿತ್ತು. ಆ ಊರಿನಲ್ಲಿ ನಮ್ಮಂಥವರಿಗೆ ಅದು ಸಿಗುವುದಿದ್ದರೆ ಕಾರಿನೊಳಗೆ ಮಾತ್ರ.

ಆದರೆ ಅಲ್ಲಿಯೂ ಒಂದು ಕೊಕ್ಕೆ. ನಮ್ಮ ಅರಬಾಬ್, ಅಂದರೆ ಯಜಮಾನರು, ವಯಸ್ಸಾದ ಬಹ್ರೈನಿ. ಅವರಪ್ಪ ಮುಂಬಯಿಯಲ್ಲಿ ಮುತ್ತಿನ ವ್ಯಾಪಾರ ಮಾಡಿದವರಾದ್ದರಿಂದ ಹಿಂದಿ ನನಗಿಂತ ಚೆನ್ನಾಗಿ ಆಡುತ್ತಿದ್ದರು. ಅವರ ನಿಯಮ ಎರಡು. ಬಿಳಿಯರಿಗೆ ಬರೀ ಕೀಲಿಕೈ ಕೊಡುವುದು, ನಮ್ಮವರಿಗಾದರೆ ಗಾಡಿಯ ಜೊತೆ ನನ್ನನ್ನೂ ಕೊಡುವುದು. ಎರಡನೆಯದು, ಗಾಡಿಯ ಚಕ್ರ ಡಾಂಬರು ಬಿಟ್ಟು ಇಳಿಯಬಾರದು. ಆ ನೆಲದ ಉಪ್ಪು ಗಾಡಿಯ ತಗಡನ್ನು ಒಂದೇ ಬೇಸಿಗೆಯಲ್ಲಿ ತಿಂದು ಹಾಕುತ್ತದೆ. ಗಾಡಿ ವಾಪಸು ಬಂದ ಕೂಡಲೇ ಅರಬಾಬ್ ಬಗ್ಗಿ, ಮಡ್‌ಗಾರ್ಡಿನ ಒಳಮೈಗೆ ಬೆರಳು ಸವರಿ, ನಾಲಗೆಗೆ ಹಚ್ಚಿ ನೋಡುತ್ತಿದ್ದರು. ಉಪ್ಪು ಹತ್ತಿದರೆ ಮುಗಿಯಿತು ಕಥೆ. ನನ್ನ ಪಾಸ್‌ಪೋರ್ಟ್ ಅವರ ಕಬ್ಬಿಣದ ಕಪಾಟಿನಲ್ಲಿತ್ತು, ಊರಿಗೆ ಹೋಗುವ ರಜೆ ಅವರ ಬಾಯಲ್ಲಿತ್ತು. ಹಾಗಾಗಿ ನಾನು ಆ ಬೆರಳಿಗೆ ಹೆದರುತ್ತಿದ್ದಷ್ಟು ಪೊಲೀಸಿಗೂ ಹೆದರುತ್ತಿರಲಿಲ್ಲ.

"ಗಾಡಿ ಕೊಡ್ಬಹುದು ಅಕ್ಕ. ಆದ್ರೆ ನಾನೂ ಬರ್ಬೇಕಾಗ್ತದೆ" ಎಂದೆ. ಹೇಳುವಾಗ ನನಗೇ ಮುಖ ಬಿಸಿಯಾಯಿತು.

"ಬನ್ನಿ, ಅದಕ್ಕೆಂತ. ನಮ್ಮ ಮನೆಯವ್ರೇ ಅಲ್ವಾ" ಎಂದರು ಅಕ್ಕ. ಆದರೆ ಅವರ ಮುಖ ಬಾಡಿದ್ದನ್ನು ನಾನು ನೋಡದೆ ಇರಲಿಲ್ಲ.

ಭಾವನ ಪ್ಲಾಸ್ಟಿಕ್ ಗಂಟನ್ನು ಡಿಕ್ಕಿಗೆ ತುರುಕಿದೆ. ಒಳಗೆ ಎರಡು ಕಂಬಳಿಗಳಿದ್ದವು. ಗಲ್ಫಿನಲ್ಲಿ ದುಡಿದವರಿಗೆಲ್ಲ ಗೊತ್ತು ಆ ಕಂಬಳಿ: ಎಮ್ಮೆಯಷ್ಟು ಭಾರ, ಬೆಕ್ಕಿನಷ್ಟು ನುಣುಪು, ನಡುವೆ ಹುಲಿಯ ಮುಖವೋ ನವಿಲೋ. ಒಂದು ಹುಲಿ, ಭಾವನ ತಾಯಿಗೆ. ಒಂದು ನವಿಲು, ಅಕ್ಕನ ತಾಯಿಗೆ. ಊರಿಗೆ ಹೊರಟ ಇನ್ನೊಬ್ಬ ನರ್ಸಿನ ಕೈಯಲ್ಲಿ ಕಳಿಸಬೇಕೆಂದು ಭಾವ ಖೋಬರ್‌ನಿಂದ ಹೊತ್ತು ತಂದಿದ್ದರು. ನಮ್ಮ ಕರಾವಳಿಯ ಸೆಖೆಗೆ ಆ ಕಂಬಳಿ ಹೊದೆಯುವ ಪುಣ್ಯಾತ್ಮರನ್ನು ನಾನು ಈವರೆಗೆ ಕಂಡಿಲ್ಲ. ಆದರೂ ಅದಿಲ್ಲದೆ ಊರಿಗೆ ಹೋದವನನ್ನೂ ಕಂಡಿಲ್ಲ.

ಹೊರಟೆವು. ಬಿಳಿ ಬಣ್ಣದ ಜಪಾನಿ ಕಾರು, ಕಪ್ಪು ರೆಕ್ಸಿನ್ ಸೀಟು. ಅವರಿಬ್ಬರು ಹಿಂದೆ, ನಾನು ಮುಂದೆ. ಅವರಿಗೆ ಮುಜುಗರ ಬೇಡವೆಂದು ಕನ್ನಡಿಯನ್ನು ಮೇಲಕ್ಕೆ ತಿರುಗಿಸಿದೆ. ಆದರೆ ಕಿವಿಯನ್ನು ತಿರುಗಿಸಲಿಕ್ಕೆ ಆಗುತ್ತದೆಯೇ?

"ಊಟ ಸರಿ ಮಾಡ್ತೀರಾ?"

"ಹ್ಞೂಂ. ನೀನು?"

"ಮಾಡ್ತೇನೆ. ಅಮ್ಮನ ಕಾಲುನೋವು ಹೇಗುಂಟಂತೆ?"

"ಪರ್ವಾಗಿಲ್ಲವಂತೆ."

ಆಮೇಲೆ ಮಾತಿಲ್ಲ. ಬ್ಯಾಂಕಿನಲ್ಲಿ ಸರದಿಗೆ ನಿಂತ ಅಪರಿಚಿತರು ಇದಕ್ಕಿಂತ ಹೆಚ್ಚು ಮಾತಾಡುತ್ತಾರೆ. ನಾನು ರೇಡಿಯೊ ಹಾಕಿದೆ, ಜುಮ್ಮಾದ ಪ್ರವಚನ ಬಂತು, ಆರಿಸಿದೆ. ಕೆಮ್ಮಿದೆ. ಕೆಮ್ಮಿದ್ದು ತಪ್ಪಾಯಿತೇನೋ ಎನಿಸಿ ಇನ್ನಷ್ಟು ಸಂಕಟವಾಯಿತು. ಥತ್, ಇದೆಂಥ ಉದ್ಯೋಗ! ಮೂರು ಜನ ಒಂದು ಡಬ್ಬಿಯೊಳಗೆ, ಒಬ್ಬರಿಂದಾಗಿ ಇಬ್ಬರಿಗೆ ಉಸಿರು ಬಿಡಲಾಗದ ಸ್ಥಿತಿ, ಆ ಒಬ್ಬ ನಾನು.

ಆಲಿ ಎಂಬ ಊರಿನ ಹತ್ತಿರ ಸಾವಿರಾರು ವರ್ಷ ಹಳೆಯ ಗೋರಿಗಳ ದಿಬ್ಬಗಳಿವೆ. ದಾರಿಯ ಎರಡೂ ಬದಿಗೆ ಕಣ್ಣು ಹಾಯುವಷ್ಟು ದೂರ. ಭಾವ ಕಿಟಕಿಯಿಂದ ನೋಡಿ, "ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಮನೆ" ಎಂದರು. ಅಕ್ಕ ನಗಲಿಲ್ಲ. ಅವಾಲಿ ದಾಟಿದೆವು, ಎಣ್ಣೆ ಪೈಪುಗಳ ಪಕ್ಕದಲ್ಲೇ ಹೋದೆವು, ಪಶ್ಚಿಮಕ್ಕೆ ತಿರುಗಿ ಜಲ್ಲಾಕ್ ಕಡೆಯ ರಸ್ತೆ ಹಿಡಿದೆವು. ಆಗ ಅಕ್ಕ ಮುಂದಕ್ಕೆ ಬಾಗಿದರು.

"ತಮ್ಮಾ, ಈ ಬದಿಯ ಸಮುದ್ರದ ಹತ್ರ ನಿಂತ್ರೆ ಖೋಬರ್ ಕಾಣ್ತದೆ ಅಂತ ನಮ್ಮ ವಾರ್ಡಿನಲ್ಲಿ ಒಬ್ರು ಪೇಷೆಂಟು ಹೇಳ್ತಿದ್ರು. ಹೌದಾ?"

ಹಗಲಿನಲ್ಲಿ ಏನೂ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಆಕೆ ಕೇಳಿದ ರೀತಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಮತ್ತೆ ನನಗೂ ಒಂದು ಉಪಾಯ ಹೊಳೆದಿತ್ತು. ನೀರಿನ ಅಂಚಿನವರೆಗೆ ಗಾಡಿ ಒಯ್ದು ನಿಲ್ಲಿಸಿ, ಏಸಿ ಚಾಲೂ ಇಟ್ಟು, "ಒಂದು ಸಿಗರೇಟು ಸೇದಿ ಬರ್ತೇನೆ" ಎಂದು ದೂರ ನಡೆದುಬಿಡುವುದು. ಬಿಸಿಲಿನಲ್ಲಿ ಸುಟ್ಟುಹೋದರೆ ನಾನು ತಾನೇ? ಅರಬಾಬ್‌ನ ಬೆರಳು ನೆನಪಾಯಿತು. ಸಂಜೆ ಪೈಪು ಹಿಡಿದು ತೊಳೆದರಾಯಿತು ಎಂದುಕೊಂಡೆ.

ಡಾಂಬರಿನಿಂದ ಸಮುದ್ರದವರೆಗೆ ನೆಲ ಮಟ್ಟಸ. ಮೊದಲು ಸ್ವಲ್ಪ ದೂರ ಒಣಗಿದ ಬಿಳಿ ಹೊಯಿಗೆ, ಅದರಾಚೆ ಕಪ್ಪಗೆ ತೇವವಾಗಿ ಹೊಳೆಯುವ ನೆಲ, ಅದರಾಚೆ ನೀರು. ಬಿಳಿ ಹೊಯಿಗೆಯಲ್ಲಿ ಗಾಡಿ ಆಗಲೇ ತುಸು ಓಲಾಡಿತು.

"ಒಣ ಹೊಯಿಗೆ ಬೇಡ ತಮ್ಮಾ, ಹೂತು ಹೋಗ್ತದೆ. ಒದ್ದೆ ಇರುವಲ್ಲಿ ಬಿಡಿ, ಗಟ್ಟಿ ಇರ್ತದೆ" ಎಂದರು ಭಾವ.

ಕಡಲ ಕರೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಊರಿನ ಕಡಲಲ್ಲಿ ಅಲೆ ತೋಯಿಸಿ ಹೋದ ಪಟ್ಟಿಯ ಮೇಲೆ ಸೈಕಲ್ ಹೋಗುತ್ತದೆ, ಮೀನಿನ ಟೆಂಪೊ ಹೋಗುತ್ತದೆ. ಒಣ ಹೊಯಿಗೆಗೆ ಇಳಿದವನು ಪೆದ್ದ. ಹಿಂದಿನ ಸೀಟಿನಿಂದ ಅಕ್ಕನೂ "ಹೌದೌದು, ಒದ್ದೆಯದ್ರ ಮೇಲೆ ಹೋಗಿ" ಎಂದರು. ಮೂವರಿಗೂ ಒಂದೇ ಬುದ್ಧಿ. ನಾನು ಸ್ಟೀರಿಂಗ್ ತಿರುಗಿಸಿ, ಧೈರ್ಯವಾಗಿ ಕಪ್ಪು ನೆಲಕ್ಕೆ ಗಾಡಿ ಹೊಡೆದೆ.

ಮೊದಲಿಗೆ ಸಿಮೆಂಟಿನ ಅಂಗಳದ ಹಾಗೆ ಚೆನ್ನಾಗಿಯೇ ಓಡಿತು. ನೀರು ಹತ್ತಿರವಾಗುತ್ತಿದ್ದ ಹಾಗೆ ಕೆಳಗಿನಿಂದ ಹಪ್ಪಳ ಮುರಿದಂತೆ ಸದ್ದು. ಗಾಡಿಯ ಹಿಂಭಾಗ ಕುಸಿಯಿತು. ನಾನು ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದೆ. ತುಳಿಯಬಾರದಿತ್ತು. ಚಕ್ರ ಗಿರಗಿರ ತಿರುಗಿ ತನ್ನ ಹೊಂಡವನ್ನು ತಾನೇ ತೋಡಿಕೊಂಡಿತು. ಇಳಿದು ನೋಡಿದರೆ ಹಿಂದಿನ ಚಕ್ರಗಳು ಅರ್ಧಕ್ಕರ್ಧ ಮಾಯ. ಮೇಲೆ ತೆಳ್ಳಗೆ ಉಪ್ಪಿನ ಹೆಕ್ಕಳೆ, ಕೆಳಗೆಲ್ಲ ಬೂದು ಬಣ್ಣದ ಲೋಳೆ ಕೆಸರು. ತೆಂಗಿನ ಸಿಪ್ಪೆ ಕೊಳೆಹಾಕಿದ ಹೊಂಡದ ವಾಸನೆ. ಈ ನೆಲವನ್ನು ಅಲ್ಲಿಯವರು ಸಬ್ಖಾ ಅನ್ನುತ್ತಾರೆ. ಅದರಲ್ಲಿ ತೇವ ಕಂಡ ಕಡೆ ಒಂಟೆಯೂ ಕಾಲಿಡುವುದಿಲ್ಲ ಎಂದು ಆಮೇಲೆ ಅರಬಾಬ್ ನನಗೆ ಹೇಳಿದರು. ಒಂಟೆ ನಮ್ಮ ಊರಿನ ಕಡಲು ನೋಡಿರಲಿಲ್ಲ, ಅದು ಅದರ ಪುಣ್ಯ.

ಆಗ ಇನ್ನೂ ನಮಗೆ ಧೈರ್ಯವಿತ್ತು. ಜಾಕ್ ತೆಗೆದೆ. ನೆಲಕ್ಕಿಟ್ಟು ತಿರುಗಿಸಿದರೆ ಗಾಡಿ ಮೇಲೆ ಬರುವುದರ ಬದಲು ಜಾಕೇ ಕೆಳಗಿಳಿಯಿತು. ಸ್ಟೆಪ್ನಿ ಚಕ್ರವನ್ನು ಮಲಗಿಸಿ ಅದರ ಮೇಲೆ ಜಾಕ್ ಇಟ್ಟೆ. ಈ ಸಲ ಗಾಡಿ ಎದ್ದಿತು. ಭಾವ ನೀರಿನ ಅಂಚಿನಿಂದ ಖರ್ಜೂರದ ಮರದ ಗರಿ, ದಂಟು ಆರಿಸಿ ತಂದರು. ಯಾವುದೋ ಹಳೆಯ ಮೀನಿನ ಬೇಲಿ ಮುರಿದು ತೇಲಿ ಬಂದದ್ದು. ಅದನ್ನೆಲ್ಲ ಚಕ್ರದ ಕೆಳಗೆ ತುಂಬಿ, ಜಾಕ್ ಇಳಿಸಿ, ರಿವರ್ಸ್ ಹಾಕಿದೆ. ಚಕ್ರ ಎಲ್ಲವನ್ನೂ ಪುಡಿ ಮಾಡಿ ಮುಂದಕ್ಕೆ ಉಗಿದು ಮತ್ತೆ ಕೂತಿತು.

ಪುನಃ ಜಾಕ್. ಈ ಸಲ ಟಯರಿನ ಗಾಳಿ ಇಳಿಸಿದೆ. ವಾಲ್ವಿನ ಮೂತಿಗೆ ಕೀಲಿಕೈ ಒತ್ತಿ ಹಿಡಿದರೆ ಸುಯ್ಯೆಂದು ಹೋಗುತ್ತದೆ, ಟಯರು ಚಪ್ಪಟೆಯಾಗಿ ನೆಲದ ಮೇಲೆ ಅಗಲವಾಗಿ ಕೂರುತ್ತದೆ. ಒಂದು ಮೊಳ ಹಿಂದೆ ಬಂತು ಗಾಡಿ. ಅಷ್ಟರಲ್ಲಿ ಹೊಟ್ಟೆ ನೆಲಕ್ಕೆ ತಾಗಿತು. ಹಿಂದಿನ ಆಕ್ಸಲಿನ ನಡುವೆ ಇರುವ ಗಡ್ಡೆ ಕೆಸರಿನಲ್ಲಿ ಹೂತು, ಗಾಡಿಯ ಭಾರವೆಲ್ಲ ಅದರ ಮೇಲೆ. ಚಕ್ರದ ಮುಚ್ಚಳ ಕಳಚಿ, ಅದನ್ನೇ ಸಲಿಕೆ ಮಾಡಿಕೊಂಡು, ಹೊಟ್ಟೆಯಡಿ ಮಲಗಿ ತೋಡಿದೆ. ತೋಡಿದಷ್ಟೂ ಪಕ್ಕದಿಂದ ಕೆಸರು ಹರಿದು ಬಂದು ತುಂಬುತ್ತಿತ್ತು. ಉಪ್ಪುನೀರು ಕಣ್ಣಿಗೆ ಹೋಯಿತು. ಕೈಯ ಹಳೆಯ ಹೊಲಿಗೆಯ ಗಾಯ ಉರಿಯತೊಡಗಿತು.

ಬಿಸಿಲು ತಲೆಯ ಮೇಲೆ ಬಂದಿತ್ತು. ತಂದ ನೀರಿನಲ್ಲಿ ಉಳಿದದ್ದು ಒಂದು ಫ್ಲಾಸ್ಕು, ಮತ್ತೆ ರೇಡಿಯೇಟರಿಗೆಂದು ಇಟ್ಟ ಕ್ಯಾನು. ಎಂಜಿನ್ ಬಿಸಿಯಾಗುತ್ತದೆಂದು ಏಸಿ ಆರಿಸಿದ್ದೆ. ಒಳಗೆ ಕೂತರೆ ಇಡ್ಲಿ ಪಾತ್ರೆ, ಹೊರಗೆ ನಿಂತರೆ ಕಾವಲಿ. ನಾಲ್ಕೂ ಕಡೆ ನೋಡಿದರೆ ಒಂದು ಮನೆಯಿಲ್ಲ, ಮರವಿಲ್ಲ. ನಾನು ಡಾಂಬರು ರಸ್ತೆಯವರೆಗೆ ನಡೆದು ಹೋಗಿ ಕಾದೆ. ಶುಕ್ರವಾರದ ಮಧ್ಯಾಹ್ನ, ನಮಾಜಿನ ಹೊತ್ತು. ಯಾರು ಬರುತ್ತಾರೆ? ಬಹಳ ಹೊತ್ತಿಗೆ ಒಂದು ಪಿಕಪ್ ಬಂತು. ಅಂಗಿ ಬಿಚ್ಚಿ ಬೀಸಿದೆ. ಡ್ರೈವರ್ ನನಗೂ ಕೈ ಬೀಸಿ ನಗುತ್ತಾ ಹೋದ, ನಾನು ಸಲಾಂ ಹೇಳಿದೆನೆಂದುಕೊಂಡನೋ ಏನೋ. ಅವನ ಮನೆ ಹಾಳಾಗ, ಅಂತ ಊರಿನ ಭಾಷೆಯಲ್ಲೇ ಶಾಪ ಹಾಕಿದೆ.

ತಿರುಗಿ ಬರುವಾಗ ಇನ್ನೊಂದು ಕಂಡಿತು. ನಾವು ಬರುವಾಗ ದೂರದಲ್ಲಿದ್ದ ನೀರು ಈಗ ಅಷ್ಟು ದೂರದಲ್ಲಿರಲಿಲ್ಲ. ಭರತ ಏರುತ್ತಿತ್ತು. ಇಂಥ ಮಟ್ಟಸ ನೆಲದಲ್ಲಿ ಅದಕ್ಕೆ ಅಲೆಯಿಲ್ಲ, ಸದ್ದಿಲ್ಲ, ಹಾಲು ಚೆಲ್ಲಿದ ಹಾಗೆ ಹರಡುತ್ತಾ ಬರುತ್ತದೆ. ಸಂಜೆಯ ಹೊತ್ತಿಗೆ ಅರಬಾಬ್‌ನ ಕಾರು ಸಮುದ್ರದ ಒಳಗಿರುತ್ತದೆ. ಆ ಕಪಾಟಿನೊಳಗಿನ ಪಾಸ್‌ಪೋರ್ಟು ಇನ್ನು ನನ್ನ ಕೈಗೆ ಸಿಕ್ಕ ಹಾಗೆಯೇ.

ಗಾಡಿಯ ಹತ್ತಿರ ಬಂದರೆ ಇಬ್ಬರೂ ಬಾಗಿಲು ತೆರೆದುಕೊಂಡು, ಕೆಸರಿಗೆ ಕಾಲು ಚಾಚಿ ಕೂತಿದ್ದರು. ನಾನು ಬಂದದ್ದು ಅವರಿಗೆ ಗೊತ್ತಾಗಲಿಲ್ಲ.

"ಬಿಡು" ಎನ್ನುತ್ತಿದ್ದರು ಭಾವ. "ಲಾಂಚ್ ಹೋದ್ರೆ ಹೋಗ್ಲಿ. ನಂಗೆ ಸಾಕಾಗಿದೆ ಮಾರಾಯ್ತಿ. ಆ ಫೋರ್‌ಮನ್ನಿನ ಮುಖ ನೋಡ್ಲಿಕ್ಕೆ ಮನಸ್ಸೇ ಇಲ್ಲ. ನಿನ್ನ ಹತ್ರ ಕೂತಿದ್ದೇನಲ್ಲ, ಅಷ್ಟೇ ಸಾಕು."

"ಎಷ್ಟು ದಿವ್ಸ ಕೂತಿರ್ತೀರಿ?" ಎಂದು ಅಕ್ಕ ಕೇಳಿದರು. "ಲಾಂಚ್ ತಪ್ಪಿದ್ರೆ ಅವ್ರು ಒಳಗೆ ಬಿಡುದಿಲ್ಲ. ಇಲ್ಲಿಯವ್ರು ಇರ್ಲಿಕ್ಕೆ ಬಿಡುದಿಲ್ಲ. ಮುಂಬೈ ವಿಮಾನಕ್ಕೆ ಹತ್ತಿಸ್ತಾರೆ. ನಂದು ಇನ್ನೂ ಎರಡು ವರ್ಷದ ಕಾಂಟ್ರಾಕ್ಟ್ ಉಂಟು. ಈಗ ನೀವು ಲಾಂಚಿನಷ್ಟು ದೂರ ಇದ್ದೀರಿ. ಹ್ಞಾ? ಆಮೇಲೆ ಎಷ್ಟು ದೂರ ಇರ್ತೀರಿ, ಲೆಕ್ಕ ಹಾಕಿ."

ಅಕ್ಕ ಎದ್ದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಬಂದು ಡಿಕ್ಕಿ ತೆಗೆದರು. ಗಂಟನ್ನು ಎಳೆದು ಪ್ಲಾಸ್ಟಿಕ್ ಹರಿದರು.

"ಇದು ಆಗ್ತದಾ ತಮ್ಮಾ, ಚಕ್ರಕ್ಕೆ ಕೊಡ್ಲಿಕ್ಕೆ?"

"ಅಯ್ಯೋ, ಅಮ್ಮನ ಕಂಬಳಿ ಅದು!" ಎಂದು ಭಾವ ಎದ್ದು ನಿಂತರು.

"ಅಮ್ಮನಿಗೆ ನಾನು ಹೇಳ್ತೇನೆ. ನೀವು ಆ ಬದಿ ಹಿಡೀರಿ."

ಕಂಬಳಿಯ ಯೋಚನೆ ಒಳ್ಳೆಯದೇ. ಗರಿ ಮುರಿಯುತ್ತದೆ, ಕಂಬಳಿ ಮುರಿಯುವುದಿಲ್ಲ. ಜಾಕ್ ಎತ್ತಿ, ಎಡ ಚಕ್ರದ ಕೆಳಗೆ ಹುಲಿ, ಬಲ ಚಕ್ರದ ಕೆಳಗೆ ನವಿಲು, ನಾಲ್ಕು ಮಡಿಕೆ ಮಾಡಿ ಉದ್ದಕ್ಕೆ ಹಿಂದಕ್ಕೆ ಹಾಸಿದೆವು. ನಾನು ಒಳಗೆ ಕೂತು ರಿವರ್ಸ್ ಹಾಕಿದೆ, ಅವರಿಬ್ಬರು ಮುಂದಿನಿಂದ ಬಾನೆಟ್ ಒತ್ತಿದರು. ಅಕ್ಕ ಜಾರಿ ಬಿದ್ದರು. ಒಬ್ಬರ ಬಲ ಸಾಲಲಿಲ್ಲ, ಚಕ್ರ ತಿರುಗಿ ಹುಲಿಯನ್ನು ಒಳಗೆಳೆದುಕೊಂಡು ಮುಂದಕ್ಕೆ ಎಸೆಯಿತು. ಹುಲಿಯ ಒಂದು ಕಣ್ಣು ಮಾತ್ರ ಕೆಸರಿನಿಂದ ಹೊರಗೆ ಕಾಣುತ್ತಿತ್ತು.

ನಾನು ಸ್ಟೀರಿಂಗಿಗೆ ತಲೆ ಇಟ್ಟು ಕೂತೆ. ಮುಂದಿನಿಂದ ಗಾಡಿಯನ್ನು ಅರ್ಧ ಎತ್ತಿ ಹಿಡಿದು ಒತ್ತಲಿಕ್ಕೆ ಇಬ್ಬರು ಗಂಡಸರು ಬೇಕು. ಒಳಗೆ ಕೂತವರು ಹಗುರ ಇರಬೇಕು, ಕಾಲು ಅದಕ್ಕಿಂತ ಹಗುರ ಇರಬೇಕು. ಮೂರು ಜನರಲ್ಲಿ ಅಂಥವರು ಒಬ್ಬರೇ. ಲೈಸೆನ್ಸ್ ಇಲ್ಲದವರ ಕೈಗೆ, ಅದೂ ಗಾಡಿಯನ್ನೇ ಮುಟ್ಟಿರದ ಹೆಂಗಸಿನ ಕೈಗೆ ಕೀಲಿ ಕೊಟ್ಟೆನೆಂದು ಅರಬಾಬ್‌ಗೆ ಗೊತ್ತಾದರೆ? ಗೊತ್ತಾಗಲಿ. ನೀರು ಆಗಲೇ ಮುಂದಿನ ಚಕ್ರದ ಹತ್ತಿರ ಹೊಳೆಯುತ್ತಿತ್ತು.

"ಅಕ್ಕ, ನೀವು ಓಡಿಸ್ಬೇಕು."

"ಹುಚ್ಚಾ ನಿಮ್ಗೆ? ನಂಗೆ ಸೈಕಲ್ ಬರುದಿಲ್ಲ!"

"ಎಡಗಾಲಿನದ್ದು ಕ್ಲಚ್. ಪೂರ್ತಿ ಒತ್ತಿಟ್ಟು, ನಾನು ಹೇಳಿದಾಗ ಮೆಲ್ಲ ಬಿಡ್ಬೇಕು, ಅಷ್ಟೇ. ಇಂಜೆಕ್ಷನ್ ಕೊಡ್ತೀರಲ್ಲ, ಒಮ್ಮೆಗೇ ಒತ್ತುತ್ತೀರಾ?"

"ಒಮ್ಮೆಗೇ ಒತ್ತಿದ್ರೆ ಪೇಷೆಂಟು ಹಾರ್ತಾನೆ."

"ಹಾಗೇ ಇದೂ. ಹಾರಿಸ್ಬೇಡಿ."

ಹಿಂದಿನ ಸೀಟು ಕಳಚಿ ದೂರ ಎಸೆದು ಭಾರ ಇಳಿಸಿದೆವು. ಕಂಬಳಿಗಳನ್ನು ಮತ್ತೆ ಹಾಸಿ, ಆಚೆ ತುದಿಗಳ ಮೇಲೆ ಕೆಸರು ಹೇರಿದೆವು, ಜಾರಬಾರದೆಂದು. ನಾನು ಗೇರ್ ಹಾಕಿಕೊಟ್ಟು ಮುಂದೆ ಬಂದು ಭಾವನ ಪಕ್ಕ ಬಾನೆಟ್ಟಿಗೆ ಹೆಗಲು ಕೊಟ್ಟೆ. "ಬಿಡಿ ಅಕ್ಕ!" ಗಾಡಿ ಒಮ್ಮೆ ಕುಪ್ಪಳಿಸಿ ನಿಂತುಬಿಟ್ಟಿತು. "ಪೇಷೆಂಟು ಹಾರಿದ" ಎಂದರು ಭಾವ. ಆ ದಿನ ಅವರು ಮೊದಲ ಸಲ ನಕ್ಕದ್ದು ಆಗ. ಒಳಗಿನಿಂದ ಅಕ್ಕ "ನಗ್ಬೇಡಿ, ನೀವು ಒತ್ತಿ" ಎಂದು ಗದರಿದರು.

ಎರಡನೆಯ ಸಲ ಕ್ಲಚ್ ಎಷ್ಟು ಮೆಲ್ಲಗೆ ಬಂತೆಂದರೆ, ನಮ್ಮ ಕೈಯ ಕೆಳಗೆ ಬಾನೆಟ್ಟು ಸಣ್ಣಗೆ ನಡುಗಿ, ಗಾಡಿ ತಾನಾಗಿ ಹಿಂದಕ್ಕೆ ನಡೆಯಿತು. ಹುಲಿಯ ಮೇಲೆ, ನವಿಲಿನ ಮೇಲೆ, ಒಂದು ಕಂಬಳಿಯ ಉದ್ದ. ಮತ್ತೆ ಕೂತಿತು. ಪುನಃ ಸ್ಟೆಪ್ನಿ, ಜಾಕ್, ಕಂಬಳಿ, ಕ್ಲಚ್. ಪುನಃ ಒಂದು ಕಂಬಳಿಯ ಉದ್ದ. ಹೀಗೆ ಎಷ್ಟು ಸಲ ಮಾಡಿದೆವೋ ನಾನು ಎಣಿಸಲಿಲ್ಲ. ರೇಡಿಯೇಟರಿನ ಕ್ಯಾನಿನ ನೀರನ್ನೇ ಮೂವರೂ ಕುಡಿದೆವು, ತುಕ್ಕಿನ ರುಚಿ. ಭಾವನ ಅಂಗೈ ಸುಲಿದಿತ್ತು. ನಾವು ಬಿಟ್ಟುಬಂದ ಪ್ರತಿ ಹೊಂಡವನ್ನೂ ನೀರು ಹಿಂದೆಯೇ ಬಂದು ತುಂಬುತ್ತಿತ್ತು. ಕೊನೆಗೆ ಒಮ್ಮೆ ಚಕ್ರ ಕಂಬಳಿ ದಾಟಿದರೂ ಕುಸಿಯಲಿಲ್ಲ. "ನಿಲ್ಲಿಸ್ಬೇಡಿ! ನಿಲ್ಲಿಸ್ಬೇಡಿ!" ಎಂದು ನಾವಿಬ್ಬರೂ ಕಿರುಚುತ್ತಾ ಹಿಂದೆ ಓಡಿದೆವು. ಅಕ್ಕನಿಗೆ ನಿಲ್ಲಿಸುವುದು ಹೇಗೆಂದು ನಾನು ಹೇಳಿಕೊಟ್ಟಿರಲೇ ಇಲ್ಲ. ಗಾಡಿ ಬಿಳಿ ಹೊಯಿಗೆಯನ್ನೂ ದಾಟಿ ಡಾಂಬರಿಗೆ ಹತ್ತಿ, ಅಲ್ಲಿ ಗಕ್ಕನೆ ಬಂದ್ ಬಿದ್ದಿತು.

ಬಿಟ್ಟುಬಂದ ಸೀಟು, ಸ್ಟೆಪ್ನಿ, ಕಂಬಳಿಗಳನ್ನು ನೀರು ಮುಟ್ಟುವ ಮೊದಲೇ ಹೊತ್ತು ತಂದು ತುಂಬಿದೆವು. ಟಯರಿಗೆ ಗಾಳಿ ಬೇಕಿತ್ತು. ಡಿಕ್ಕಿಯಲ್ಲಿ ಕಾಲಿನಿಂದ ತುಳಿಯುವ ಪಂಪು ಇತ್ತು. ಒಂದೊಂದು ಚಕ್ರಕ್ಕೆ ನಾನೊಮ್ಮೆ, ಭಾವನೊಮ್ಮೆ. ಸೂರ್ಯ ಇಳಿಯುವುದು ನಮ್ಮ ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ಮನಾಮಾದವರೆಗೆ ನಾನು ಹೇಗೆ ಓಡಿಸಿದೆನೆಂದು ಕೇಳಬೇಡಿ. ಕನ್ನಡಿ ಇನ್ನೂ ಮೇಲಕ್ಕೆ ನೋಡುತ್ತಿತ್ತು, ಅದನ್ನು ಸರಿ ಮಾಡುವ ವ್ಯವಧಾನವೂ ನನಗಿರಲಿಲ್ಲ.

ಲಾಂಚು ಹೊರಡುವ ಧಕ್ಕೆಯಲ್ಲಿ ಅದರ ಎಂಜಿನ್ ಆಗಲೇ ಹೊಗೆ ಬಿಡುತ್ತಿತ್ತು. ತಲೆಯಿಂದ ಕಾಲಿನವರೆಗೆ ಬೂದು ಬಣ್ಣದ ಭಾವನನ್ನು ನೋಡಿ ಮುದ್ರೆ ಒತ್ತುವ ಅಧಿಕಾರಿ ಪಾಸ್‌ಪೋರ್ಟಿನ ಫೋಟೊ ನೋಡಿದ, ಮುಖ ನೋಡಿದ, ಮತ್ತೆ ಫೋಟೊ ನೋಡಿದ. ಅಕ್ಕ ಸೆರಗಿನ ತುದಿಯಿಂದ ಗಂಡನ ಮುಖ ಒರೆಸಿದರು, ಅಷ್ಟು ಜನರ ಎದುರಿಗೆ. ಅಧಿಕಾರಿ ನಕ್ಕು ಮುದ್ರೆ ಒತ್ತಿದ. ಭಾವ ಓಡಿದರು. ಲಾಂಚಿನವರು ಕೈ ಹಿಡಿದು ಎಳೆದುಕೊಂಡರು.

"ಕೈಗೆ ಮುಲಾಮು ಹಚ್ಕೊಳ್ಳಿ!" ಎಂದು ಅಕ್ಕ ಕೂಗಿದರು. ಎಂಜಿನ್ನಿನ ಸದ್ದಿಗೆ ಭಾವನಿಗೆ ಕೇಳಿಸಿತೋ ಇಲ್ಲವೋ, ಕೈ ಎತ್ತಿದರು.

ಕಾರಿಗೆ ಬಂದು ಕೂತ ಮೇಲೆ ಅಕ್ಕ ಅತ್ತರು. ಸಣ್ಣಗೆ ಅಲ್ಲ, ಹೋ ಎಂದು. "ಒಂದಿಡೀ ದಿವ್ಸ ಕೆಸ್ರು ತೋಡಿದ್ದೇ ಆಯ್ತಲ್ಲ ತಮ್ಮಾ. ಒಂದು ಮಾತು ಆಡ್ಲಿಲ್ಲ ನಾವು. ಮೂರು ವರ್ಷದ ಮಾತು ಉಂಟು ನನ್ನ ಹೊಟ್ಟೆಯಲ್ಲಿ." ನಾನು ಗಾಡಿ ಚಾಲೂ ಮಾಡಿದೆ. ಅವರನ್ನು ಹಾಸ್ಟೆಲಿನ ಗೇಟಿನವರೆಗೆ ಬಿಟ್ಟೆ.

ಅರಬಾಬ್ ಬೆರಳು ಸವರುವ ಅಗತ್ಯವೇ ಇರಲಿಲ್ಲ, ಆದರೂ ಸವರಿದರು, ನಾಲಗೆಗೆ ಹಚ್ಚಿದರು. ಮುಂದೆ ಅವರ ಬಾಯಿಂದ ಬಂದದ್ದನ್ನು ಬರೆಯುವ ಹಾಗಿಲ್ಲ. ಆ ಬೇಸಿಗೆಯ ಶುಕ್ರವಾರಗಳೆಲ್ಲ ನಾನು ಅದೇ ಗಾಡಿಯ ಕೆಳಗೆ ಮಲಗಿ ಕಳೆದೆ. ಉಪ್ಪು ಕೆರೆದು, ಸೀಮೆಎಣ್ಣೆ ಹಚ್ಚಿ, ಹಳೆಯ ಎಂಜಿನ್ ಆಯಿಲ್ ಬಳಿದೆ. ಊರಿಗೆ ಹೋಗುವ ರಜೆಯ ಮಾತು ಮತ್ತೊಂದು ವರ್ಷ ಯಾರೂ ಎತ್ತಲಿಲ್ಲ. ಕಂಬಳಿಗಳನ್ನು ನಾಲ್ಕು ಸಲ ಒಗೆದೆ. ಒಣಗಿದರೆ ಉಪ್ಪು ಬಿಳಿಯಾಗಿ ಮೇಲೆ ಬರುತ್ತಿತ್ತು. ಕೊನೆಗೆ ಗ್ಯಾರೇಜಿನಲ್ಲಿ ನನ್ನ ಬೆನ್ನಿನಡಿಯ ಹಾಸಿಗೆ ಅವೇ ಆದವು. ಮುಖದ ಮೇಲೆ ಗಾಡಿ, ಬೆನ್ನ ಕೆಳಗೆ ಹುಲಿ. ಬಹಳ ಸಲ ನಾನು ಅಲ್ಲಿ ಮಲಗಿ ಆ ದಿನದ ಬಗ್ಗೆ ಯೋಚಿಸಿದೆ. ನಾನು ಮಾಡಿದ ತಪ್ಪು ಒದ್ದೆ ನೆಲಕ್ಕೆ ಇಳಿದದ್ದಲ್ಲ, ಅವರನ್ನು ಎಲ್ಲಿಗೋ ಕರೆದುಕೊಂಡು ಹೋದದ್ದು ಎನಿಸುತ್ತಿತ್ತು.

ಚಳಿಗಾಲದ ಒಂದು ಶುಕ್ರವಾರ ಬೆಳಿಗ್ಗೆ ಮತ್ತೆ ಬಾಗಿಲು ಬಡಿದರು. ಅಕ್ಕ, ಪಕ್ಕದಲ್ಲಿ ಭಾವ, ಅವರ ಕೈಯಲ್ಲಿ ಮತ್ತೊಂದು ಪ್ಲಾಸ್ಟಿಕ್ ಗಂಟು.

"ತಮ್ಮಾ, ದ್ವೀಪ ನೋಡ್ಬೇಕಿತ್ತು" ಎಂದರು ಅಕ್ಕ. ಈ ಸಲ ಮೂವರಿಗೂ ನಗು ಬಂತು.

ನಾನು ಅದೇ ಬಿಳಿ ಕಾರನ್ನು ತೆಗೆದೆ. ಎಲ್ಲಿಗೂ ಹೋಗಲಿಲ್ಲ. ತಳ್ಳಿಕೊಂಡೇ ಗ್ಯಾರೇಜಿನ ಹಿಂದಿನ ಹಿತ್ತಿಲಿಗೆ ಒಯ್ದು, ಬಾದಾಮಿ ಮರದ ನೆರಳಿನಲ್ಲಿ, ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಮೂರು ಕಡೆ ಗೋಡೆ, ಒಂದು ಕಡೆ ತಗಡಿನ ಗೇಟು. ಕೀಲಿಕೈ ಭಾವನ ಕೈಗೆ ಕೊಟ್ಟೆ. ಒಂದು ಫ್ಲಾಸ್ಕ್ ಚಾ ಕೊಟ್ಟೆ. ಗಾಡಿ ಹೋದಲ್ಲೆಲ್ಲ ನಾನೂ ಹೋಗಬೇಕೆಂಬುದು ಅರಬಾಬ್‌ನ ನಿಯಮ. ಗಾಡಿ ಎಲ್ಲಿಗೂ ಹೋಗದಿದ್ದರೆ ನಾನು ಜೊತೆಗೆ ಹೋಗುವ ಮಾತೆಲ್ಲಿ? ಗೇಟು ಎಳೆದುಕೊಂಡು ಮನಾಮಾದ ಸೂಕಿನ, ಅಂದರೆ ಪೇಟೆಯ, ಕಡೆ ನಡೆದುಬಿಟ್ಟೆ.

ಲಾಂಚಿನ ಹೊತ್ತಿಗೆ ಮುಂಚೆ ವಾಪಸು ಬಂದೆ. ಗೇಟಿನ ಹೊರಗೆ ನಿಂತಾಗ ಒಳಗಿನಿಂದ ಜೋರು ಜೋರು ಮಾತು ಕೇಳಿಸಿತು. ಜಗಳ! "ಪುನಃ ಯಾರು ತರ್ಲಿಕ್ಕೆ ಹೇಳಿದ್ದು ನಿಮ್ಗೆ ಈ ಕಂಬಳಿ?" "ಅಮ್ಮ ಕೇಳಿದ್ದು ಮಾರಾಯ್ತಿ!" "ಸೆಖೆಗೆ ಹೊದಿಲಿಕ್ಕಾ?" "ಹೊದಿಲಿಕ್ಕಲ್ಲ, ಪಕ್ಕದ ಮನೆಯವ್ರಿಗೆ ತೋರಿಸ್ಲಿಕ್ಕೆ!" ಅಮ್ಮನ ಕಾಲುನೋವು, ನಾದಿನಿಯ ಮಾತು, ಮದುವೆಯ ದಿನದ ಯಾವುದೋ ಹಳೆಯ ಸಿಟ್ಟು, ಎಲ್ಲ ಹೊರಗೆ ಬರುತ್ತಿತ್ತು. ಮನೆಯಲ್ಲಿರುವ ಗಂಡ ಹೆಂಡತಿ ಆಡುವಂಥದೇ ಜಗಳ. ನಾನು ಗೇಟು ತಟ್ಟಲಿಲ್ಲ. ಜಗಳ ಮುಗಿದು ನಗು ಕೇಳಿಸುವವರೆಗೆ ಹೊರಗೇ ನಿಂತಿದ್ದೆ. ಆಮೇಲೆ ಕೆಮ್ಮಿದೆ. ಧಕ್ಕೆ ಅಲ್ಲಿಂದ ದೂರವಿರಲಿಲ್ಲ, ಮೂವರೂ ನಡೆದೇ ಹೋದೆವು.

ಮರುದಿನ ಬೆಳಿಗ್ಗೆ ಅರಬಾಬ್ ಗಾಡಿಯ ಒಳಗೆ ಬಗ್ಗಿ ಮೀಟರ್ ನೋಡಿದರು. ಅದು ಒಂದು ಮೈಲಿಯೂ ಮುಂದೆ ಹೋಗಿರಲಿಲ್ಲ.

"ಕೇಬಲ್ ಕಿತ್ತೆಯೇನೋ ಕಳ್ಳ?" ಎಂದು ಹಿಂದಿಯಲ್ಲಿ ಕೇಳಿದರು.

"ಇಲ್ಲ ಅರಬಾಬ್. ನೀವೇ ನೋಡಿ."

ನೋಡಿದರು. ಕೇಬಲ್ ಇತ್ತು. ಬಗ್ಗಿ ಮಡ್‌ಗಾರ್ಡಿನೊಳಗೆ ಬೆರಳು ಸವರಿ ನಾಲಗೆಗೆ ಹಚ್ಚಿದರು. ಬರೀ ಧೂಳು. ಮತ್ತೊಂದು ಚಕ್ರಕ್ಕೂ ಹೋಗಿ ಹಚ್ಚಿ ನೋಡಿದರು.

"ಇಡೀ ದಿನದ ಬಾಡಿಗೆ ಕೊಟ್ಟು ಈ ಜನ ಹೋದದ್ದೆಲ್ಲಿಗೆ?"

"ದ್ವೀಪ ನೋಡಲಿಕ್ಕೆ, ಅರಬಾಬ್."

"ನೋಡಿದರಂತಾ?"

"ಈ ಸಲ ಪೂರ್ತಿ ನೋಡಿದರಂತೆ" ಎಂದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಕೀಲಿಕೈಯನ್ನು ಮೊಳೆಗೆ ತೂಗುಹಾಕಲು ಹೇಳಿದರು.